ಒಂಬತ್ತನೇ ಮಂಚದ ಹಾಳೆ

ಇಲ್ಲದ ಮೈಯನ್ನು ನಾನು ನಾಲ್ಕು ಸಲ ಹೊರಳಿಸಿದ್ದೇನೆ. ಹನ್ನೆರಡು ಗಂಟೆಗೆ ಎಡಕ್ಕೆ, ಎರಡಕ್ಕೆ ಅಂಗಾತ, ನಾಲ್ಕಕ್ಕೆ ಬಲಕ್ಕೆ, ಆರಕ್ಕೆ ಮತ್ತೆ ಎಡಕ್ಕೆ. ಹಾಳೆಯಲ್ಲಿ ಹಾಗೇ ಇದೆ. ಆ ಹೊತ್ತಿಗೆ ಆ ಮೈ ಮಂಚದ ಮೇಲೆ ಇರಲಿಲ್ಲ. ಹತ್ತೂವರೆಗೇ ಆಂಬುಲೆನ್ಸ್ ಬಂದು ಎತ್ತಿಕೊಂಡು ಹೋಗಿತ್ತು.

ಹಾಳೆ ಬರೆದವಳು ನಾನು. ಕೆಳಗೆ ಹಾಕಿದ ಹೆಸರು ನನ್ನದಲ್ಲ. ಇಷ್ಟು ಹೇಳುವುದಕ್ಕೆ ನನಗೆ ನಾಲ್ಕು ದಿನ ಬೇಕಾಯಿತು.

ನಾನು ಆಯಾ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಒಂದು ದೊಡ್ಡ ಮನೆಯ ಎರಡನೇ ಮಹಡಿಯಲ್ಲಿ ನನ್ನ ಕೆಲಸ. ಅಲ್ಲಿ ಹದಿನಾಲ್ಕು ಮಂಚ. ಹದಿನಾಲ್ಕರಲ್ಲೂ ತಾವಾಗಿ ಮಗ್ಗುಲು ಬದಲಿಸಲು ಆಗದವರು. ಅವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಒಂದೇ ಕಡೆ ಬಿದ್ದ ಮೈ ಕೊಳೆಯುತ್ತದೆ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಮೂಳೆ ಒತ್ತುವ ಕಡೆ ಮೊದಲು ಚರ್ಮ ಕೆಂಪಾಗುತ್ತದೆ. ಆ ಕೆಂಪಿನ ಮೇಲೆ ಬೆರಳು ಒತ್ತಿ ತೆಗೆಯಬೇಕು. ಒತ್ತಿದ ಜಾಗ ಬಿಳಿಚಿಕೊಂಡರೆ ಪರವಾಗಿಲ್ಲ, ರಕ್ತ ಇನ್ನೂ ಓಡಾಡುತ್ತಿದೆ. ಬಿಳಿಚದೆ ಕೆಂಪಗೇ ಉಳಿದರೆ ಒಳಗೆ ಮಾಂಸ ಸಾಯುತ್ತಿದೆ. ಆಮೇಲೆ ಅದು ಬಾಯಿ ಬಿಡಲು ಎರಡು ದಿನ ಸಾಕು.

ಹೊರಳಿಸುವುದು ಒಬ್ಬರ ಕೆಲಸವಲ್ಲ. ಮೈಯ ಕೆಳಗೆ ಒಂದು ಅಡ್ಡ ಬಟ್ಟೆ ಹಾಸಿರುತ್ತದೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಅದರ ಅಂಚನ್ನು ಸುರುಳಿ ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಎತ್ತಿ ತಿರುಗಿಸಬೇಕು. ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತು ಬರುತ್ತದೆ.

ಆ ಕಡೆ ಯಾವಾಗಲೂ ನಿಲ್ಲುತ್ತಿದ್ದವಳು ಕ್ರೇನಕ್ಕ. ಆ ಹೆಸರಿಟ್ಟವರು ನಾಲ್ಕನೇ ಮಂಚದ ಲಾರಿ ಅಜ್ಜ. ತೊಂಬತ್ತು ಕೆ.ಜಿ. ತೂಗುವ ಅವರನ್ನು ಅವಳು ಮೊದಲ ದಿನವೇ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದ್ದಳು. "ಎಂಥಾ ಕ್ರೇನಮ್ಮಾ ನೀನು! ಮೊದಲೇ ಸಿಕ್ಕಿದ್ರೆ ಲಾರೀಲಿ ಜ್ಯಾಕು ಇಟ್ಕೊಳ್ತಾನೇ ಇರ್ಲಿಲ್ಲ" ಎಂದಿದ್ದರು. ಅವಳೂ ಬಿಡಲಿಲ್ಲ. "ಸುಮ್ನಿರಿ ಅಜ್ಜ, ಇಷ್ಟು ಲೋಡು ಹಾಕ್ಕೊಂಡು ಓಡಾಡೋಕೆ ಪರ್ಮಿಟ್ ಇದ್ಯಾ ನಿಮ್ಗೆ?" ಎಂದಿದ್ದಳು.

ಮೊದಲು ನಾವು ಮಹಡಿಗೆ ನಾಲ್ಕು ಜನ ಇದ್ದೆವು. ಎರಡು ವರ್ಷದ ಹಿಂದೆ ಸುಧಾರಣೆ ಬಂತು. ಆರೈಕೆಯನ್ನು ಸುಧಾರಿಸುತ್ತೇವೆ ಎಂದು ಮ್ಯಾನೇಜರ್ ಭಾಷಣ ಮಾಡಿದರು. ಕಿಟಕಿಗೆಲ್ಲ ಹಳದಿ ಪರದೆ ಬಂತು. ಕೆಳಗೆ ಮೀನಿನ ತೊಟ್ಟಿ ಬಂತು. ನಮಗೆ ಸೀರೆಯ ಮೇಲೆ ತೊಡುವ ಹೊಸ ಬಣ್ಣದ ಯೂನಿಫಾರಂ ಅಂಗಿ ಬಂತು. ನಾಲ್ಕು ಜನರಲ್ಲಿ ಇಬ್ಬರನ್ನು ತೆಗೆದರು. ಏಳಲಾರದ ಹದಿನಾಲ್ಕು ಜನಕ್ಕೆ ಎರಡು ಜೊತೆ ಕೈ ಉಳಿಯಿತು. ಪರದೆ ಯಾರನ್ನೂ ಹೊರಳಿಸುವುದಿಲ್ಲ ಎಂದು ನಾವು ಯಾರೂ ಎದ್ದು ಹೇಳಲಿಲ್ಲ. ನಮ್ಮನ್ನು ಕೇಳಿಯೂ ಇರಲಿಲ್ಲ.

ಸುಧಾರಣೆಯ ಜೊತೆ ಇನ್ನೆರಡು ಬಂದವು. ಒಂದು, ಎಡ, ಬಲ, ಅಂಗಾತಕ್ಕೆ ಒಂದೊಂದರಂತೆ ಮೂರು ಬಣ್ಣದ ಮಗ್ಗುಲು ಹಾಳೆ. ಪ್ರತಿ ಮಂಚದ ಕಾಲ ಬಳಿ ದಿನಕ್ಕೊಂದು ಹಾಳೆ ನೇತು ಹಾಕಬೇಕು. ಹಗಲು ಪಾಳಿಯಲ್ಲಿ ಆರರಿಂದ ಆರರವರೆಗೆ, ಎರಡು ಗಂಟೆಗೊಂದರಂತೆ, ಏಳು ಚೌಕದ ಮನೆ. ಹೊರಳಿಸಿದಾಗಲೆಲ್ಲ ಒಂದು ರೈಟ್ ಮಾರ್ಕು, ಕೊನೆಗೆ ಹೊರಳಿಸಿದವರ ಹೆಸರು. ಎರಡನೆಯದು, ಮೆಟ್ಟಿಲ ಬಳಿ ಒಂದು ಬೋರ್ಡು. "ಹುಣ್ಣಿಲ್ಲದ ದಿನಗಳು" ಎಂದು ಮೇಲೆ ಬರೆದಿದೆ. ಕೆಳಗೆ ಕೊಕ್ಕೆಗೆ ಸಿಕ್ಕಿಸುವ ಅಂಕಿಗಳು. ದಿನಾ ಬೆಳಿಗ್ಗೆ ಮೇಡಂ, ಅಂದರೆ ನಮ್ಮ ಮಹಡಿಯ ನರ್ಸಮ್ಮ, ಒಂದು ಅಂಕಿ ಏರಿಸುತ್ತಿದ್ದರು. ಯಾವ ಆಯಾ ಹುಣ್ಣು ಕಂಡಿತು ಎಂದು ಬಂದು ಹೇಳುತ್ತಾಳೋ ಹುಣ್ಣು ಅವಳ ತಲೆಗೇ. ಕೆಳಗಿನ ಮಹಡಿಯಲ್ಲಿ ಒಬ್ಬಳು ಹಾಗೆ ಬಾಯಿ ಬಿಟ್ಟು ಒಂದೇ ವಾರದಲ್ಲಿ ಮನೆಗೆ ಹೋದಳು. ಆಮೇಲೆ ಯಾರ ಕಣ್ಣಿಗೂ ಹುಣ್ಣು ಬೀಳಲಿಲ್ಲ. ಬೋರ್ಡಿನ ಅಂಕಿ ಇನ್ನೂರು ದಾಟಿತು.

ಹದಿನಾಲ್ಕು ಜನರನ್ನು ಹೊರಳಿಸಲು ಇಬ್ಬರಿಗೆ ಒಂದು ಗಂಟೆ ಬೇಕು. ಉಳಿದ ಒಂದು ಗಂಟೆಯಲ್ಲಿ ಹದಿನಾಲ್ಕು ಬಾಯಿಗೆ ಚಮಚದಲ್ಲಿ ಉಣಿಸಬೇಕು. ಗಂಟಲಿಗೆ ಸಿಕ್ಕದ ಹಾಗೆ ಕಾಯಬೇಕು. ಡಯಾಪರ್ ಬದಲಿಸಬೇಕು. ತೊಳೆಯಬೇಕು. ವಾಂತಿ ಬಳಿಯಬೇಕು. ಇದು ಆಗುವ ಮಾತಲ್ಲ ಎಂದು ಮೇಡಂಗೂ ಗೊತ್ತಿತ್ತು. ಅವರೇ ದಾರಿ ಹೇಳಿಕೊಟ್ಟರು.

"ಹಾಳೆ ಮಾತ್ರ ಖಾಲಿ ಇರ್ಬಾರ್ದು ನೋಡಿ. ಮೈ ಎತ್ತಿ ಯಾರೂ ನೋಡಲ್ಲ. ಹಾಳೆ ಎಲ್ರೂ ನೋಡ್ತಾರೆ."

ಹಾಗಾಗಿ ರೂಢಿ ಬಿತ್ತು. ಬೆಳಿಗ್ಗೆ ಆರಕ್ಕೆ ಯಾರು ಮೊದಲು ಬರುತ್ತಾರೋ ಅವರು ಇಡೀ ದಿನದ ಏಳೂ ಮನೆಗೆ ರೈಟ್ ಹಾಕಿ ಮುಗಿಸಬೇಕು. ಏಳು ಹಾಳೆಗೆ ನನ್ನ ಹೆಸರು, ಏಳಕ್ಕೆ ಕ್ರೇನಕ್ಕನ ಹೆಸರು. ಯಾವುದಕ್ಕೆ ಯಾರ ಹೆಸರು ಎಂಬುದು ಬರೆಯುವವಳ ಕೈಯಲ್ಲಿತ್ತು. ಇಡೀ ದಿನದ ಹೊರಳಾಟ ಹತ್ತು ನಿಮಿಷದಲ್ಲಿ ಆಗಿ ಹೋಗುತ್ತಿತ್ತು. ಆಮೇಲೆ ನಿಜವಾದ ದಿನ ಶುರುವಾಗುತ್ತಿತ್ತು. ಕೂಗುವವರನ್ನು ಹೊರಳಿಸುತ್ತಿದ್ದೆವು. ಬೈಯುವವರನ್ನು ಇನ್ನೂ ಬೇಗ ಹೊರಳಿಸುತ್ತಿದ್ದೆವು. ಸುಮ್ಮನೆ ಇರುವವರು ಹಾಗೇ ಬಿದ್ದಿರುತ್ತಿದ್ದರು.

ಒಂಬತ್ತನೇ ಮಂಚದ ಟೆಲಿಫೋನಮ್ಮ ಸುಮ್ಮನೆ ಇರುವವರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿಗೆ ಲೈನ್ ಜೋಡಿಸಿದವರು. ಲಕ್ವಾ ಹೊಡೆದು ಮಾತೆಲ್ಲ ಹೋಗಿ ಒಂದೇ ಉಳಿದಿತ್ತು. "ಲೈನ್‌ನಲ್ಲಿರಿ." ಹಸಿವಾದರೂ ಅದೇ, ನೋವಾದರೂ ಅದೇ, ಖುಷಿಯಾದರೂ ಅದೇ. ದನಿಯಲ್ಲಿ ಒಂದು ಚೂರು ಸಿಡುಕಿಲ್ಲ. ಅಷ್ಟು ಮರ್ಯಾದೆಯಿಂದ ಕೇಳಿದರೆ ನಮ್ಮಂಥ ಕಡೆ ಯಾರೂ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಹಾಳೆ ಬರೆದವಳು ನಾನು. ಒಂಬತ್ತನೇ ಹಾಳೆಗೆ ಕ್ರೇನಕ್ಕನ ಹೆಸರು ಹಾಕಿದೆ. ಯಾಕೆ ಹಾಕಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳದೆ ತಪ್ಪಿಸಿಕೊಳ್ಳುವುದಿಲ್ಲ.

ಹತ್ತು ಗಂಟೆಗೆ ಟೆಲಿಫೋನಮ್ಮನ ಮಗಳು ಬಂದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು. ನೋಡಲು ಬರುವುದು ಭಾನುವಾರ ಮಾತ್ರ. ಭಾನುವಾರ ಮಂಚಕ್ಕೆ ಒಗೆದ ಚಾದರ ಹಾಸಿ, ಸೆಂಟು ಹೊಡೆದು, ತಲೆ ಬಾಚಿ ಇಟ್ಟಿರುತ್ತೇವೆ. ಅಮ್ಮನ ಉಗುರು ಬೆಳೆದಿದ್ದನ್ನು ಹಿಂದಿನ ದಿನ ಕಂಡು, ಕೆಲಸಕ್ಕೆ ಹೋಗುವ ಮುಂಚೆ ಕತ್ತರಿಸಿ ಹೋಗೋಣ ಎಂದು ಬಂದಿದ್ದಳು. ಸೋಮವಾರ ಸೆಂಟಿಲ್ಲ. ಮಂಚದ ಹತ್ತಿರ ಬಂದು ನಿಂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಚಾದರ ಎತ್ತಿದಳು, ಅಮ್ಮನ ಭುಜ ಹಿಡಿದು ತನ್ನ ಕಡೆಗೆ ಎಳೆದು ಬೆನ್ನು ನೋಡಿದಳು.

ಅವಳ ಕೂಗು ಕೆಳಗಿನ ಮೀನಿನ ತೊಟ್ಟಿಯವರೆಗೆ ಕೇಳಿತು. ಸೊಂಟದ ಕೆಳಗೆ ಅಂಗೈ ಅಗಲ ಹುಣ್ಣು. ಮಧ್ಯೆ ಕರ್ರಗೆ, ಸುತ್ತ ಹಳದಿ, ಒಳಗೆ ಮೂಳೆ ಬೆಳ್ಳಗೆ. ಆಂಬುಲೆನ್ಸ್ ಬಂತು. ಕ್ರೇನಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದು ಸ್ಟ್ರೆಚರಿಗೆ ಹಾಕಿದೆವು. ಟೆಲಿಫೋನಮ್ಮ ನನ್ನನ್ನೇ ನೋಡಿ "ಲೈನ್‌ನಲ್ಲಿರಿ" ಎಂದರು. ಮಗಳು ಹೊರಡುವ ಮುಂಚೆ ಮಂಚದ ಕಾಲ ಬಳಿಯ ಹಾಳೆ ನೋಡಿದಳು. ಗಡಿಯಾರ ನೋಡಿದಳು. ಹತ್ತೂವರೆ. ಹಾಳೆಯಲ್ಲಿ ಸಂಜೆ ಆರರವರೆಗೆ ಹೊರಳಿಸಿ ಆಗಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದಳು.

ಹನ್ನೊಂದಕ್ಕೆ ನಮ್ಮಿಬ್ಬರನ್ನೂ ಮ್ಯಾನೇಜರ್ ಕೋಣೆಗೆ ಕರೆದರು. ಮೇಡಂ ಪಕ್ಕದಲ್ಲಿ ಕೂತಿದ್ದರು. ನಾವು ನಿಂತಿದ್ದೆವು. ಆ ಕೋಣೆಯಲ್ಲಿ ಆಯಾಗಳು ಕೂತದ್ದನ್ನು ನಾನು ನೋಡಿಲ್ಲ.

"ಇದ್ರಲ್ಲಿ ನಿನ್ನ ಹೆಸರಿದೆ. ನೀನೇ ಬರ್ದಿದ್ದಾ?" ಮ್ಯಾನೇಜರ್ ಹಾಳೆಯನ್ನು ಕ್ರೇನಕ್ಕನ ಮುಖಕ್ಕೆ ಹಿಡಿದರು.

ಅವಳು ಹಾಳೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಮ್ಯಾನೇಜರ್ ಹಿಂದಿನ ಗೋಡೆ ನೋಡುತ್ತಿದ್ದೆ. ಅಲ್ಲಿ ನಗುತ್ತಿರುವ ಮುದುಕ ಮುದುಕಿಯ ದೊಡ್ಡ ಚಿತ್ರವಿದೆ.

"ನನ್ನ ಹೆಸರೇ ಇದ್ಯಲ್ಲ ಸಾರ್" ಎಂದಳು ಕ್ರೇನಕ್ಕ.

"ಮುಂಚೇನೇ ರೈಟ್ ಹಾಕು ಅಂತ ನಿಂಗೆ ಯಾರು ಹೇಳಿದ್ದು?"

ಅವಳು ಮೇಡಂ ಕಡೆ ನೋಡಿದಳು. ಮೇಡಂ ಬಳೆ ಸರಿ ಮಾಡಿಕೊಳ್ಳುತ್ತಿದ್ದರು.

"ಯಾರೂ ಹೇಳಿಲ್ಲ ಬಿಡಿ" ಎಂದಳು.

ಹನ್ನೊಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಯೂನಿಫಾರಂ ಬಿಚ್ಚಿಕೊಟ್ಟು ಹೋಗು ಎಂದರು. ಬಕೆಟ್ ಇಡುವ ಕೋಣೆಯಲ್ಲಿ ಬಿಚ್ಚಿದಳು. ಸೆಕ್ಯೂರಿಟಿಯವನು ಅವಳ ಚೀಲ ನೆಲಕ್ಕೆ ಸುರಿದು ನೋಡಿದ. ಊಟದ ಡಬ್ಬಿ ತೆಗೆಸಿ ಅನ್ನದೊಳಗೆ ಚಮಚ ಆಡಿಸಿ ನೋಡಿದ. ಆ ಚಮಚ ಎಲ್ಲಿಂದ ತಂದಿದ್ದನೋ. ಹದಿನಾಲ್ಕು ಜನರ ಮಲ ತೊಳೆದ ಕೈ ಕ್ರೇನಕ್ಕನದು, ಅಲ್ಲಿಂದ ಒಂದು ಸೂಜಿ ಎತ್ತಿದ ಕೈ ಅಲ್ಲ. ಅವಳು ಡಬ್ಬಿ ಮುಚ್ಚಿಕೊಂಡು ಹಿಂದಿನ ಮೆಟ್ಟಿಲು ಇಳಿದು ಹೋದಳು. ನಾನು ಅವಳಿಗಾಗಿ ಮೂರು ಮೆಟ್ಟಿಲು ಕೂಡ ಇಳಿಯಲಿಲ್ಲ.

ಸಂಜೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ದನಿ ಬೆಣ್ಣೆಯಾಗಿತ್ತು.

"ಗುರುವಾರ ತಪಾಸಣೆಯವ್ರು ಬರ್ತಾರೆ. ಆ ಮಗಳು ದೂರು ಕೊಟ್ಟಿದ್ದಾಳೆ. ಒಂದು ಹೇಳಿಕೆ ಟೈಪ್ ಮಾಡ್ಸಿರ್ತೀವಿ. ಅವಳು ಕೆಲಸಗಳ್ಳಿ ಅಂತ, ನೀನು ಎಷ್ಟೋ ಸಲ ಹೇಳಿದ್ರೂ ಕೇಳ್ಲಿಲ್ಲ ಅಂತ. ಅವ್ರೆದುರು ಒಂದು ಸಹಿ ಹಾಕಿದ್ರೆ ಮುಗೀತು."

"ಮೇಡಂ, ಬೋರ್ಡು?" ಎಂದೆ. ಯಾಕೆ ಹಾಗೆ ಕೇಳಿದೆನೋ.

"ಅದಕ್ಕೇನಾಗಿದೆ? ಹುಣ್ಣು ಅಂತ ಬರ್ದಿರೋದು ಆಸ್ಪತ್ರೆಯವ್ರು. ನಮ್ಮ ದಾಖಲೇಲಿ ಎಲ್ಲಿದೆ?"

ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ಇನ್ನೂರ ಹದಿಮೂರು ಇತ್ತು.

ಸೋಮವಾರ ಮನೆಗೆ ಹೋದಾಗ ನಮ್ಮತ್ತೆ ಎಂದಿನಂತೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಅವರು ಸೊಂಟ ಮುರಿದು ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಕಾಲು ಹೋದರೂ ನಾಲಿಗೆ ಇನ್ನೂ ಮೂರು ಬೀದಿ ತಿರುಗುತ್ತದೆ. ಅವರೂ ಒಂದು ಕಾಲದಲ್ಲಿ ಆಸ್ಪತ್ರೆಯ ಕಕ್ಕಸು ತೊಳೆದವರು. ಅವರನ್ನು ನಾನು, ನನ್ನ ಗಂಡ ಇಬ್ಬರೂ ಸೇರಿ ಹೊರಳಿಸುತ್ತೇವೆ. ನಾನಿಲ್ಲದಾಗ ಪಕ್ಕದ ಮನೆಯವಳು ಅವನ ಜೊತೆ ಕೈ ಜೋಡಿಸುತ್ತಾಳೆ. ಮೂರು ವರ್ಷದಲ್ಲಿ ಅವರ ಬೆನ್ನಿನಲ್ಲಿ ಒಂದು ಗುಳ್ಳೆ ಎದ್ದಿಲ್ಲ. ಇದನ್ನು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

"ಯಾಕೇ, ಮುಖ ಹಿಂಡಿ ಒಣಗಿಸಿದ ಬಟ್ಟೆ ಆಗಿದೆ?" ಎಂದರು.

ಹೇಳಿದೆ. ಎಲ್ಲ ಅಲ್ಲ. ಹಾಳೆ, ಹೆಸರು, ಕ್ರೇನಕ್ಕ ಹೋದದ್ದು ಇಷ್ಟನ್ನು ಹೇಳಿದೆ. ನಾನು ಎದ್ದು, ಗಂಡನನ್ನು ಕರೆದು, ಅಡ್ಡ ಬಟ್ಟೆಯ ಅಂಚು ಹಿಡಿದೆ.

"ಕೈ ತೆಗಿ" ಎಂದರು ಅತ್ತೆ.

"ಹೊರಳಿಸೋ ಹೊತ್ತಾಯ್ತು ಅತ್ತೆ."

"ಹೊರಳಿಸೋದು ಬೇಡ. ರೈಟ್ ಹಾಕ್ಬಿಡು, ಸಾಕು."

ಗಂಡ ನನ್ನ ಮುಖ ನೋಡಿದ. ಅತ್ತೆ ಮುಖ ಆಚೆ ತಿರುಗಿಸಿದರು. ಅಂದಿನಿಂದ ನನ್ನ ಕೈ ಮುಟ್ಟಲು ಬಿಡಲಿಲ್ಲ. ಪಕ್ಕದ ಮನೆಯವಳೂ ಬೇಡ, ಮಗನೊಬ್ಬನೇ ಎಳೆದಾಡಿ ಹೊರಳಿಸಲಿ ಎಂದು ಹಟ ಹಿಡಿದರು. ಅವನು ನಸುಕಿನಲ್ಲಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಹಗಲೆಲ್ಲ ಮನೆಯಲ್ಲಿರುವವನು. ಮೂಟೆಯನ್ನು ಎಳೆಯುವ ಹಾಗೆಯೇ ಎಳೆಯುತ್ತಿದ್ದ. ಹಾಗಲ್ಲ, ಚರ್ಮ ಉಜ್ಜುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಹತ್ತಿರ ಹೋಗುವ ಹಾಗಿರಲಿಲ್ಲ.

ಮಂಗಳವಾರ ಪಾಳಿ ಮುಗಿಸಿ ಕ್ರೇನಕ್ಕನ ಮನೆಗೆ ಹೋದೆ. ಒಂದೇ ಕೋಣೆ. ಹೊರಗೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು, "ಬಾ, ಕೂತ್ಕೋ" ಎಂದಳು. ಒಳಗಿನಿಂದ ಚಹ ತಂದು ಕೈಗಿಟ್ಟಳು. ಅದರಿಂದಲೇ ನನಗೆ ಅಳು ಬಂತು.

"ಅಕ್ಕಾ, ಆ ಹಾಳೆ ಬರ್ದಿದ್ದು ನಾನು."

"ಗೊತ್ತು ಕಣೇ. ನಾನು ಬಂದಾಗ್ಲೇ ಹದಿನಾಲ್ಕೂ ತುಂಬಿತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಬ್ರನ್ನೂ ಕಳಿಸ್ತಿದ್ರು. ಆಮೇಲೆ ಅವ್ರನ್ನ ಯಾರು ಹೊರಳಿಸ್ತಾರೆ? ಲಾರಿ ಅಜ್ಜನ್ನ ಹೊಸಬ್ರು ಮುಟ್ಟಿದ್ರೆ ಕಚ್ತಾರೆ." ನಕ್ಕಳು. "ನಾನೂ ಎಷ್ಟೋ ದಿನ ನಿನ್ನ ಹೆಸರು ಹಾಕಿದ್ದೀನಿ. ಅವತ್ತು ನನ್ನದು ಬಿತ್ತು. ಅಷ್ಟೇ. ಅಳ್ಬೇಡ, ಚಹ ಕುಡಿ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಅವಳು ನನ್ನನ್ನು ಬಿಟ್ಟುಬಿಟ್ಟಿದ್ದಳು. ಆದರೆ ಲೋಟ ಬಾಯಿಂದ ಇಳಿಸಿದೆ.

"ಹಂಗೆ ಬಿದ್ದಿದ್ದಲ್ಲ ಅಕ್ಕಾ. ನಾನೇ ನೋಡಿ ಹಾಕಿದ್ದು."

"ಅಂದ್ರೆ?"

"ಹಿಂದಿನ ಬುಧವಾರ ಮೈ ಒರೆಸುವಾಗ ಸೊಂಟದ ಹತ್ರ ಕೆಂಪಗಿತ್ತು. ಬೆರಳು ಒತ್ತಿ ನೋಡಿದೆ. ಬಿಳಿಚ್ಲಿಲ್ಲ. ಶುಕ್ರವಾರ ಬಾಯಿ ಬಿಟ್ಟಿತ್ತು. ಭಾನುವಾರ ವಾಸನೆ ಬಂತು. ಸೆರಗು ಮೂಗಿಗೆ ಹಿಡ್ಕೊಂಡು ನಾನೇ ಸೆಂಟು ಹೊಡ್ದೆ, ಮಗಳು ಬರ್ತಾಳೆ ಅಂತ. ಇನ್ನೇನು ಹೊರಗೆ ಬರುತ್ತೆ, ನನ್ನ ತಲೆಗೆ ಬರುತ್ತೆ ಅಂತ ಸೋಮವಾರ ಆ ಹಾಳೆಗೆ ನಿನ್ನ ಹೆಸರು ಬರ್ದೆ."

ಹೇಳಿ ಮುಗಿಸಿದೆ. ಇದೇ ನಾನು ಮುಂದೆ ಹೇಳುತ್ತೇನೆ ಎಂದ ಮಾತು. ಓದುತ್ತಿರುವವರು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ. ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದ್ದನ್ನು ಅಂದುಕೊಳ್ಳಲು ಆಗದು.

ಕ್ರೇನಕ್ಕ ಅರ್ಧ ಒಗೆದ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಅವಳ ಕೈಯಿಂದ ಸಾಬೂನು ನೀರು ತೊಟ್ಟಿಕ್ಕುತ್ತಿತ್ತು.

"ಹೆಸರು ಹಾಕಿದ್ದಕ್ಕೆ ನಾನೇನೂ ಅನ್ನಲ್ಲ" ಎಂದಳು. ದನಿ ಬದಲಾಗಿತ್ತು. "ಬುಧವಾರಾನೇ ನಂಗೆ ಯಾಕೆ ಹೇಳ್ಲಿಲ್ಲ? ಮೇಡಂಗೆ ಬೇಡ. ನಂಗೆ. ನಾನು ಆ ಕಡೆಗೇ ನಿಂತಿರ್ತಿದ್ದೆನಲ್ಲೇ. ನಂಗೆ ಹೇಳಿದ್ರೆ ಬೇರೆ ಕೆಲಸ ಬಿಟ್ಟಾದ್ರೂ ಇಬ್ರೂ ಸೇರಿ ಅವ್ರನ್ನ ಮಗ್ಗುಲು ಹಾಕ್ತಿದ್ವಿ. ಬದುಕ್ತಿತ್ತು ಆ ಚರ್ಮ."

"ಅಕ್ಕಾ..."

"ಎದ್ದು ಹೋಗು."

ಅರ್ಧ ಕುಡಿದ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಚರಂಡಿಗೆ ಚೆಲ್ಲಿದಳು. ಬಟ್ಟೆಯನ್ನು ಕಲ್ಲಿಗೆ ಬಡಿಯಲು ಶುರು ಮಾಡಿದಳು. ಬೀದಿ ತಿರುಗುವವರೆಗೂ ಆ ಸದ್ದು ನನ್ನ ಬೆನ್ನಿಗೆ ಬೀಳುತ್ತಿತ್ತು.

ಬುಧವಾರವೂ ನಾನೊಬ್ಬಳೇ. ಹದಿಮೂರು ಜನ. ಒಬ್ಬಳೇ ಹೊರಳಿಸಿದೆ ಎಂದು ಹೇಳುವುದಿಲ್ಲ. ಎಷ್ಟು ಆಯಿತೋ ಅಷ್ಟು. ಲಾರಿ ಅಜ್ಜನನ್ನು ಮುಟ್ಟಲೇ ಆಗಲಿಲ್ಲ. "ಕ್ರೇನು ರಿಪೇರೀನಾ?" ಎಂದು ಕೇಳಿದರು. ಹೌದು ಎಂದೆ. ಹಾಳೆಗಳಿಗೆಲ್ಲ ಅವತ್ತೂ ರೈಟ್ ಹಾಕಿದೆ. ಕೈ ಅಭ್ಯಾಸ ಬಿಡಲಿಲ್ಲ. ಹೇಳುವುದಾದರೆ ಎಲ್ಲ ಹೇಳಬೇಕು, ಅದಕ್ಕೆ ಹೇಳುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ಮಹಡಿ ಹತ್ತಿದರೆ ಅಲ್ಲಿ ಆರು ಜನ ಹೊಸ ಆಯಾಗಳು. ಎಲ್ಲಿಂದಲೋ ಒಂದು ದಿನಕ್ಕೆ ಕರೆತಂದವರು. ಹೊಸ ಯೂನಿಫಾರಂ ತೊಟ್ಟು ಗೋಡೆಗೆ ಸಾಲಾಗಿ ನಿಂತಿದ್ದರು. ಮಂಚ ಮುಟ್ಟಬೇಡಿ, ನಗುತ್ತಾ ನಿಲ್ಲಿ ಎಂದು ಹೇಳಿದ್ದರಂತೆ. ಒಬ್ಬಳು ನನ್ನನ್ನು ಕೇಳಿದಳು, "ಇವ್ರೆಲ್ಲ ಮಾತಾಡ್ತಾರಾ ಅಕ್ಕಾ?" ಬೋರ್ಡಿನಲ್ಲಿ ಇನ್ನೂರ ಹದಿನೈದು ಇತ್ತು. ಮೀನಿನ ತೊಟ್ಟಿಗೆ ಹೊಸ ನೀರು ತುಂಬಿದ್ದರು.

ನಾನು ಹದಿಮೂರು ಹಾಳೆಗಳನ್ನು ನೇತು ಹಾಕಿದೆ. ಪೆನ್ನು ತೆಗೆದೆ. ಆರು ಗಂಟೆಯ ಮನೆಯ ಮೇಲೆ ಇಟ್ಟೆ. ಅತ್ತೆಯ ಮಾತು ಕಿವಿಯಲ್ಲೇ ಇತ್ತು. ಪೆನ್ನು ಜೇಬಿಗೆ ಹಾಕಿದೆ. ಕೈಲಾದವರನ್ನು ಹೊರಳಿಸಿದೆ. ಎಂಟರ ಹೊತ್ತಿಗೆ ಹಗುರವಾಗಿದ್ದ ನಾಲ್ವರು ಆದರು. ಆ ನಾಲ್ಕಕ್ಕೆ ಮಾತ್ರ ರೈಟ್ ಹಾಕಿದೆ. ಉಳಿದ ಒಂಬತ್ತು ಖಾಲಿ ಬಿಟ್ಟೆ.

ಒಂಬತ್ತೂವರೆಗೆ ತಪಾಸಣೆಯ ಸಾಹೇಬರು ಬಂದರು. ಜೊತೆಗೆ ಬರೆದುಕೊಳ್ಳುವ ಒಬ್ಬ ಹೆಂಗಸು, ಮ್ಯಾನೇಜರ್, ಮೇಡಂ. ಎಲ್ಲರ ಹಿಂದೆ ಟೆಲಿಫೋನಮ್ಮನ ಮಗಳು. ಮೂರು ದಿನದಲ್ಲಿ ಅವಳ ಕಣ್ಣು ಒಳಗೆ ಹೋಗಿತ್ತು. ಸಾಹೇಬರು ಪರದೆ ಮುಟ್ಟಿ ನೋಡಿದರು. ನೆಲ ನೋಡಿದರು. ಎರಡನೇ ಮಂಚದ ಹಾಳೆ ಎತ್ತಿದರು.

"ಇದೇನಿದು ಖಾಲಿ?"

ಮೇಡಂ ನನ್ನ ಕಡೆ ನೋಡಿದ ನೋಟಕ್ಕೆ ಚರ್ಮ ಸುಲಿಯಬೇಕಿತ್ತು. "ಸಾರ್, ಇವತ್ತು ಗಡಿಬಿಡೀಲಿ ಮರ್ತಿರ್ಬೇಕು..."

"ಮರ್ತಿಲ್ಲ ಸಾರ್" ಎಂದೆ. "ಹೊರಳಿಸಿಲ್ಲ. ಅದಕ್ಕೆ ಬರ್ದಿಲ್ಲ. ನಾಲ್ಕು ಜನರನ್ನ ಹೊರಳಿಸಿದ್ದೀನಿ. ಎರಡು ವರ್ಷದಲ್ಲಿ ನಿಜವಾಗಿರೋ ಹಾಳೆ ಇವಷ್ಟೇ."

ಮ್ಯಾನೇಜರ್ ಟೈಪ್ ಮಾಡಿದ ಹೇಳಿಕೆಯನ್ನು ಮುಂದೆ ಚಾಚಿದರು. "ಇವಳ ಜೊತೆಗಿದ್ದ ಆಯಾದೇ ತಪ್ಪು ಸಾರ್, ಇವಳೇ ಸಾಕ್ಷಿ. ಸಹಿ ಹಾಕಮ್ಮ."

"ಹಾಕಲ್ಲ."

"ಏನು?"

"ಹಾಕಲ್ಲ ಅಂದೆ. ಒಂಬತ್ತನೇ ಮಂಚದ ಹಾಳೇಲಿರೋ ಹೆಸರು ಸುಳ್ಳು. ಬರ್ದಿದ್ದು ನಾನು. ಮೊದ್ಲೇ ಬರೀರಿ ಅಂತ ಹೇಳ್ಕೊಟ್ಟಿದ್ದು ಮೇಡಂ. ನಾಲ್ಕು ಜನ ಮಾಡೋ ಕೆಲಸಕ್ಕೆ ಇಬ್ರನ್ನ ಇಟ್ಟಿದ್ದು ಮ್ಯಾನೇಜರ್ ಸಾರ್. ಆ ಗೋಡೆಗೆ ನಿಂತಿರೋರು ಇವತ್ತು ಒಂದು ದಿನಕ್ಕೆ ಬಂದಿರೋರು, ಬೇಕಾದ್ರೆ ಕೇಳಿ ನೋಡಿ."

ಅಲ್ಲಿಯವರೆಗೆ ನನ್ನ ದನಿ ಗಟ್ಟಿಯಾಗಿತ್ತು. ಬೇರೆಯವರ ತಪ್ಪು ಹೇಳುವಾಗ ಯಾರ ದನಿಯೂ ಗಟ್ಟಿಯೇ. ಮಗಳು ಮುಂದೆ ಬಂದಳು.

"ನಿಮ್ಗೆ ಗೊತ್ತಿತ್ತಾ?" ಎಂದು ಕೇಳಿದಳು. "ನಮ್ಮಮ್ಮಂಗೆ ಹುಣ್ಣಾಗಿರೋದು?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಐದು ದಿನ."

"ಭಾನುವಾರ ನಾನು ಪಕ್ಕದಲ್ಲೇ ಕೂತಿದ್ದೆ. ಎರಡು ಗಂಟೆ."

"ಆ ದಿನ ಸೆಂಟು ಹೊಡ್ದಿದ್ದು ನಾನೇ ಅಮ್ಮಾ. ನಿಮ್ಗೆ ಗೊತ್ತಾಗ್ಬಾರ್ದು ಅಂತ."

ಅವಳು ಕೈ ಎತ್ತಬಹುದು ಎಂದುಕೊಂಡೆ. ಎತ್ತಲಿ ಎಂದು ಆಸೆಪಟ್ಟೆ. ಎತ್ತಲಿಲ್ಲ.

ಸಾಹೇಬರು ಗಂಟಲು ಸರಿ ಮಾಡಿಕೊಂಡು ಬರೆದುಕೊಳ್ಳುವ ಹೆಂಗಸಿನ ಕಡೆ ತಿರುಗಿದರು. "ದಾಖಲೆ ನಿರ್ವಹಣೆಯಲ್ಲಿ ಲೋಪ ಅಂತ ಬರ್ಕೊಳ್ಳಿ. ಹಾಳೆ ತುಂಬೋದರ ಬಗ್ಗೆ ಸಿಬ್ಬಂದಿಗೆ ತರಬೇತಿ ಕೊಡತಕ್ಕದ್ದು."

ಒಬ್ಬ ಹೆಂಗಸಿನ ಮೂಳೆ ಹೊರಗೆ ಬಂದಿದೆ. ಇವರಿಗೆ ಹಾಳೆಗೆ ಸುಧಾರಣೆ ಬೇಕು. ಗೋಡೆಯ ಗಡಿಯಾರ ಹತ್ತು ತೋರಿಸುತ್ತಿತ್ತು. ನಾನು ಎರಡನೇ ಮಂಚದ ಬಳಿ ಹೋಗಿ ಅಡ್ಡ ಬಟ್ಟೆಯ ಅಂಚು ಸುರುಳಿ ಸುತ್ತಿದೆ.

"ಹತ್ತು ಗಂಟೆ ಆಯ್ತು ಸಾರ್. ಇವ್ರನ್ನ ಈಗ ಹೊರಳಿಸ್ಬೇಕು. ನನ್ನ ಕೈಲಿ ಒಬ್ಬಳಿಗೆ ಆಗಲ್ಲ. ಆ ಕಡೆ ಹಿಡ್ಕೊಳ್ಳಿ."

ಯಾರೂ ಅಲುಗಲಿಲ್ಲ.

"ಮೇಡಂ, ಹಿಡ್ಕೊಳ್ಳಿ. ಮ್ಯಾನೇಜರ್ ಸಾರ್, ಬನ್ನಿ. ತರಬೇತಿ ಆಮೇಲೆ ಕೊಡಿ. ಮೊದ್ಲು ಈ ಬಟ್ಟೆ ಹಿಡೀರಿ. ಒಂದ್ಸಲ ಹಿಡಿದು ನೋಡಿ, ಎಷ್ಟು ಜನ ಬೇಕು ಅಂತ ನಿಮ್ಗೇ ಗೊತ್ತಾಗುತ್ತೆ."

"ಇವಳನ್ನ ಹೊರಗೆ ಕಳ್ಸಿ" ಎಂದರು ಮ್ಯಾನೇಜರ್. ಸೆಕ್ಯೂರಿಟಿಯವನು ಬಾಗಿಲಿಗೆ ಬಂದ.

"ಹೋಗ್ತೀನಿ. ಹದಿಮೂರು ಜನರನ್ನ ಹೊರಳಿಸಿ ಹೋಗ್ತೀನಿ."

ನಾಲ್ಕನೇ ಮಂಚದಿಂದ ಲಾರಿ ಅಜ್ಜ ಕೂಗಿದರು. "ಲೇ, ಯಾರಾದ್ರೂ ಹಿಡ್ಕೊಳ್ರೋ! ಮೂರು ದಿನದಿಂದ ಗಾಡಿ ಒಂದೇ ಕಡೆ ನಿಂತಿದೆ!"

ಮಗಳು ಕೈಚೀಲ ನೆಲದ ಮೇಲಿಟ್ಟಳು. ಮಂಚದ ಆ ಕಡೆ ಹೋಗಿ ಬಟ್ಟೆಯ ಅಂಚು ಹಿಡಿದಳು. ನನ್ನ ಮುಖ ನೋಡಲಿಲ್ಲ. "ಹೇಗೆ ಹಿಡೀಬೇಕು?" ಎಂದಳು. ತೋರಿಸಿದೆ. ಒಂದು, ಎರಡು, ಮೂರು. ಆಮೇಲೆ ಮುಂದಿನ ಮಂಚ. ಸಾಹೇಬರು ಸ್ವಲ್ಪ ಹೊತ್ತು ನೋಡಿ, ಪೆನ್ನು ಮುಚ್ಚಿ, ಮತ್ತೆ ತೆಗೆದು, ಎಲ್ಲೂ ನಿಲ್ಲಲಾರದೆ ಕಿಟಕಿಯ ಹತ್ತಿರ ಹೋದರು. ಸೆಕ್ಯೂರಿಟಿಯವನು ಬಾಗಿಲಲ್ಲೇ ಉಳಿದ. ಗೋಡೆಗೆ ನಿಂತಿದ್ದವರಲ್ಲಿ ಇಬ್ಬರು ತಾವಾಗಿಯೇ ಬಂದು ಹನ್ನೊಂದನೇ ಮಂಚ ಹಿಡಿದರು. ಮೇಡಂ ಬೇಡ ಎನ್ನುವ ಹಾಗಿರಲಿಲ್ಲ, ಸಾಹೇಬರಿದ್ದರಲ್ಲ. ಮುಗಿಯಲು ಅರ್ಧ ಗಂಟೆಯ ಮೇಲಾಯಿತು. ಪ್ರತಿ ಹಾಳೆಗೂ ಹತ್ತರ ಮನೆಯಲ್ಲಿ ರೈಟ್ ಹಾಕಿದೆ.

ಒಂಬತ್ತನೇ ಮಂಚ ಖಾಲಿ. ಹೊಸ ಚಾದರ ಹಾಸಿದ್ದರು. ಅಲ್ಲಿ ನಾವಿಬ್ಬರೂ ನಿಂತೆವು.

"ಅಮ್ಮನ್ನ ಅಲ್ಲಿ ಹೊರಳಿಸ್ತಿದ್ದಾರಾ?" ಎಂದು ಕೇಳಿದೆ.

"ನಾನೇ ಹೊರಳಿಸ್ತೀನಿ. ಅಲ್ಲೂ ಜನ ಇಲ್ಲ. ಒಬ್ಬಳಿಗೆ ಆಗ್ತಿಲ್ಲ."

"ನಾನು ಬರ್ತೀನಿ."

"ನೀವು ಬರ್ಬೇಡಿ" ಎಂದಳು. ಬೈಗುಳದ ಹಾಗಿರಲಿಲ್ಲ. ಕೌಂಟರಿನಲ್ಲಿ ಸೀಟಿಲ್ಲ ಎಂದು ಹೇಳುವ ಹಾಗಿತ್ತು. ಕೈಚೀಲ ಎತ್ತಿಕೊಂಡಳು. "ಆ ಇನ್ನೊಬ್ರಿದ್ರಲ್ಲ, ಅವ್ರ ಮನೆ ಎಲ್ಲಿ ಹೇಳಿ."

ಹೇಳಿದೆ. ಅವಳು ಬರೆದುಕೊಂಡಳು. ಕ್ರೇನಕ್ಕ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಬಾಯಿ ನನಗಿಲ್ಲ.

ಯೂನಿಫಾರಂ ಬಕೆಟ್ ಕೋಣೆಯಲ್ಲಿ ಬಿಚ್ಚಲಿಲ್ಲ. ಕೆಳಗೆ ಸಾಹೇಬರ ಎದುರೇ ಅಂಗಿ ಬಿಚ್ಚಿ ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಚೀಲವನ್ನು ನಾನೇ ನೆಲಕ್ಕೆ ಸುರಿದು ತೋರಿಸಿದೆ. ಅದಕ್ಕೂ ಮುಂಚೆ ಮೆಟ್ಟಿಲ ಬಳಿ ಒಂದು ಕೆಲಸ ಮುಗಿಸಿದ್ದೆ. ಬೋರ್ಡಿನ ಮೂರೂ ಅಂಕಿ ಕಿತ್ತು ಒಂದು ಸೊನ್ನೆ ಸಿಕ್ಕಿಸಿದ್ದೆ. ನಾನು ಬೀದಿಗೆ ಬರುವ ಮೊದಲೇ ಯಾರಾದರೂ ತೆಗೆದಿರುತ್ತಾರೆ.

ಮಧ್ಯಾಹ್ನವೇ ಮನೆಗೆ ಬಂದ ನನ್ನನ್ನು ಅತ್ತೆ ಮೇಲಿಂದ ಕೆಳಗೆ ನೋಡಿದರು.

"ಅಂಗಿ ಎಲ್ಲಿ?"

"ಕೊಟ್ಬಿಟ್ಟೆ."

"ಹೇಳಿದ್ಯಾ?"

"ಹೇಳ್ದೆ. ಎಲ್ಲಾನೂ."

"ಎಲ್ಲಾ ಅಂದ್ರೆ?"

ಆಗ ಅವರಿಗೂ ಹೇಳಿದೆ. ಬುಧವಾರ ಬೆರಳು ಒತ್ತಿದ್ದು, ಸುಮ್ಮನಿದ್ದದ್ದು, ಸೆಂಟು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ನನ್ನ ಬೆನ್ನು ತಟ್ಟಲಿಲ್ಲ. ಒಳ್ಳೆಯದು ಮಾಡಿದೆ ಎನ್ನಲಿಲ್ಲ. ನಾಳೆ ಒಲೆಗೇನು ಎಂದೂ ಕೇಳಲಿಲ್ಲ.

"ಸೊಂಟ ಸೀಳ್ತಿದೆ. ನಿನ್ನ ಗಂಡ ನನ್ನನ್ನ ಗೋಣಿಚೀಲ ಅಂದ್ಕೊಂಡಿದ್ದಾನೆ" ಎಂದರು. "ಹೊರಳಿಸು."

ಗಂಡನನ್ನು ಕೂಗಿದೆ. "ರೀ, ಆ ಕಡೆ ಹಿಡ್ಕೊಳ್ಳಿ. ಎಳೀಬೇಡಿ, ಎತ್ತಿ."

ಅತ್ತೆ ಗೋಡೆಯ ಕಡೆ ತಿರುಗಿದರು. ಸೊಂಟದ ಕೆಳಗೆ, ಮೂಳೆಯ ಮೇಲೆ, ಅಂಗೈ ಅಗಲ ಕೆಂಪು. ಮೂರು ವರ್ಷದಲ್ಲಿ ಇಲ್ಲದ್ದು ಮೂರು ದಿನಕ್ಕೆ ಬಂದಿತ್ತು. ಬೆರಳು ಒತ್ತಿದೆ, ತೆಗೆದೆ.

ಬಿಳಿಚಿತು. ನಿಧಾನವಾಗಿ ಮತ್ತೆ ಕೆಂಪಾಯಿತು. ಮತ್ತೆ ಒತ್ತಿದೆ, ಮತ್ತೆ ಬಿಳಿಚಿತು.

"ಏನು ನೋಡ್ತಿದ್ದೀಯೇ ಅಷ್ಟು ಹೊತ್ತು?" ಎಂದರು ಅತ್ತೆ, ಗೋಡೆಯ ಕಡೆಯಿಂದಲೇ.

"ಏನಿಲ್ಲ ಅತ್ತೆ, ಚೆನ್ನಾಗಿದೆ" ಎಂದೆ. ಬೆರಳು ಅಲ್ಲೇ ಇತ್ತು. ಒಂಬತ್ತನೇ ಮಂಚದಲ್ಲಿ ಒತ್ತಿದ್ದೂ ಇದೇ ಬೆರಳು.